ಕೊರಿಯಾ ಯುದ್ಧ: ಗೆರೆಯಿಂದ ಗೆರೆಗೆ ಮೂರು ವರ್ಷ

1950ರ ಜೂನ್ 25ರಂದು ಆರಂಭವಾಗಿ 1953ರ ಜುಲೈ 27ರಂದು ನಿಂತ ಕೊರಿಯಾ ಯುದ್ಧ, ಎರಡನೇ ಮಹಾಯುದ್ಧದ ನಂತರ ಜಗತ್ತು ಕಂಡ ಭೀಕರ ಸಮರಗಳಲ್ಲಿ ಒಂದು. ಮೊದಲ ಒಂಬತ್ತು ತಿಂಗಳಲ್ಲಿ ಸೋಲ್ ನಗರ ನಾಲ್ಕು ಬಾರಿ ಕೈ ಬದಲಾಯಿಸಿತು. ಆಮೇಲಿನ ಎರಡು ವರ್ಷ ರಣರಂಗ ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು. ಅದರಲ್ಲಿಯೂ ಕೊನೆಯ ಹದಿನೈದು ತಿಂಗಳು ಉಭಯ ಪಕ್ಷಗಳ ನಡುವೆ ಇತ್ಯರ್ಥವಾಗದೆ ಉಳಿದಿದ್ದ ದೊಡ್ಡ ಪ್ರಶ್ನೆ ಒಂದೇ: ಸೆರೆಸಿಕ್ಕ ಸೈನಿಕ ತನ್ನ ದೇಶಕ್ಕೆ ಮರಳಲು ಒಲ್ಲೆನೆಂದರೆ ಅವನನ್ನು ಏನು ಮಾಡಬೇಕು? ಈ ಪ್ರಶ್ನೆಗೆ ದಾರಿ ಹುಡುಕಿದ್ದು ಭಾರತ. ಆ ದಾರಿಯಲ್ಲಿ ನಡೆದು ತೋರಿಸುವ ಹೊಣೆ ಬಿದ್ದದ್ದು ಕೊಡಗಿನ ಸೇನಾನಿ ಕೆ. ಎಸ್. ತಿಮ್ಮಯ್ಯನವರ ಮೇಲೆ.

ಗೆರೆ ಎಳೆದವರು

ಕೊರಿಯಾ ಶತಮಾನಗಳ ಕಾಲ ಒಂದೇ ರಾಜ್ಯವಾಗಿದ್ದ ದೇಶ. ಭಾಷೆ ಒಂದೇ, ಜನಾಂಗ ಒಂದೇ. 1910ರಲ್ಲಿ ಜಪಾನ್ ಅದನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಮೂವತ್ತೈದು ವರ್ಷಗಳ ನಂತರ, 1945ರ ಆಗಸ್ಟ್‌ನಲ್ಲಿ ಜಪಾನ್ ಕುಸಿಯುವ ಹೊತ್ತಿಗೆ ಸೋವಿಯತ್ ಪಡೆಗಳು ಉತ್ತರದ ಗಡಿ ದಾಟಿ ಕೊರಿಯಾದೊಳಕ್ಕೆ ಬರತೊಡಗಿದ್ದವು. ಹತ್ತಿರದ ಅಮೆರಿಕನ್ ಸೈನ್ಯವಾದರೋ ಸಮುದ್ರದಾಚೆ ಓಕಿನಾವಾದಲ್ಲಿತ್ತು. ಇಡೀ ಪರ್ಯಾಯ ದ್ವೀಪ ಸೋವಿಯತ್ ಕೈಸೇರದಂತೆ ತಡೆಯಲು ವಾಷಿಂಗ್ಟನ್ ಅವಸರದಿಂದ ಒಂದು ಗಡಿಯನ್ನು ಸೂಚಿಸಬೇಕಾಯಿತು. ಆಗಸ್ಟ್ 10ರ ರಾತ್ರಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಕರ್ನಲ್‌ಗಳು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಭೂಪಟವೊಂದನ್ನು ಹರಡಿಕೊಂಡು ಅರ್ಧ ಗಂಟೆಯಲ್ಲಿ 38ನೇ ಅಕ್ಷಾಂಶವನ್ನು ಆರಿಸಿದರು. ರಾಜಧಾನಿ ಸೋಲ್ ದಕ್ಷಿಣಕ್ಕೆ ಉಳಿಯುತ್ತದೆ ಎಂಬುದೇ ಅವರ ಮುಖ್ಯ ಲೆಕ್ಕಾಚಾರವಾಗಿತ್ತು. ಕೊರಿಯಾದ ಒಬ್ಬನೇ ಒಬ್ಬನನ್ನೂ ಯಾರೂ ಕೇಳಲಿಲ್ಲ. ಸ್ಟಾಲಿನ್ ಮರುಮಾತಿಲ್ಲದೆ ಒಪ್ಪಿದ್ದು ಅಮೆರಿಕನ್ನರಿಗೇ ಅಚ್ಚರಿ ತಂದಿತು. ಇದೇ ರಸ್ಕ್ ಮುಂದೆ 1961ರಿಂದ 1969ರವರೆಗೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿ, ಒಡೆದ ಮತ್ತೊಂದು ದೇಶವಾದ ವಿಯೆಟ್ನಾಂನ ಯುದ್ಧವನ್ನು ಸಮರ್ಥಿಸಿಕೊಂಡರು.

ಶರಣಾದ ಜಪಾನಿ ಸೈನಿಕರ ಆಯುಧ ಇಳಿಸಿಕೊಳ್ಳಲು ಮಾಡಿಕೊಂಡ ಈ ತಾತ್ಕಾಲಿಕ ಏರ್ಪಾಡು ಮೂರೇ ವರ್ಷಗಳಲ್ಲಿ ಎರಡು ರಾಷ್ಟ್ರಗಳ ಗಡಿಯಾಗಿ ಗಟ್ಟಿಯಾಯಿತು. ಚುನಾವಣೆ ನಡೆಸಲು ವಿಶ್ವಸಂಸ್ಥೆ ಕಳುಹಿಸಿದ ಆಯೋಗಕ್ಕೆ ಭಾರತದ ಕೆ. ಪಿ. ಎಸ್. ಮೆನನ್ ಅಧ್ಯಕ್ಷರಾಗಿದ್ದರು. ಉತ್ತರದೊಳಕ್ಕೆ ಕಾಲಿಡಲು ಆಯೋಗಕ್ಕೆ ಅವಕಾಶ ಸಿಗಲಿಲ್ಲ. ಹೀಗಾಗಿ 1948ರ ಮೇ 10ರಂದು ದಕ್ಷಿಣದಲ್ಲಷ್ಟೇ ಮತದಾನ ನಡೆದು, ಆಗಸ್ಟ್ 15ರಂದು ಸಿಂಗ್‌ಮನ್ ರೀ ಅಧ್ಯಕ್ಷತೆಯಲ್ಲಿ ಕೊರಿಯಾ ಗಣರಾಜ್ಯ ಸ್ಥಾಪನೆಯಾಯಿತು. ಸೆಪ್ಟೆಂಬರ್ 9ರಂದು ಉತ್ತರದಲ್ಲಿ ಕಿಮ್ ಇಲ್ ಸುಂಗ್ ನೇತೃತ್ವದ ಕಮ್ಯುನಿಸ್ಟ್ ಸರ್ಕಾರ ಬಂತು. ಇಡೀ ಕೊರಿಯಾ ತನ್ನದೇ ಎಂದು ಎರಡೂ ಸರ್ಕಾರಗಳು ಸಾರಿಕೊಂಡವು.

ಯುದ್ಧಕ್ಕೆ ಹೊರಗಿನವರು ಮಾತ್ರ ಕಾರಣ ಎಂಬ ವಾದ ಸರಿಯಲ್ಲ. 1948ರ ಏಪ್ರಿಲ್‌ನಲ್ಲಿ ಜೆಜು ದ್ವೀಪದಲ್ಲಿ ಎದ್ದ ಬಂಡಾಯವನ್ನು ದಕ್ಷಿಣದ ಪಡೆಗಳು ನಿರ್ದಯವಾಗಿ ಹತ್ತಿಕ್ಕಿದವು. ಅಲ್ಲಿ ಬಲಿಯಾದ ಸುಮಾರು 14,000 ಮಂದಿಯನ್ನು ದಶಕಗಳ ನಂತರ ನಡೆದ ಅಧಿಕೃತ ತನಿಖೆ ಗುರುತಿಸಿತು. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚು ಎಂಬುದು ತನಿಖಾ ವರದಿಯದೇ ಅಂದಾಜು. 1949ರ ಉದ್ದಕ್ಕೂ 38ನೇ ಅಕ್ಷಾಂಶದ ಆಚೀಚೆ ಘರ್ಷಣೆಗಳು ನಡೆದೇ ಇದ್ದವು. ರೀ ಕೂಡ ಉತ್ತರದ ಮೇಲೆ ದಂಡೆತ್ತಿ ಹೋಗುವ ಮಾತನ್ನು ಬಹಿರಂಗವಾಗಿಯೇ ಆಡುತ್ತಿದ್ದರು. ವ್ಯತ್ಯಾಸವಿದ್ದದ್ದು ಬಲದಲ್ಲಿ. ರೀ ಎಲ್ಲಿ ಉತ್ತರಕ್ಕೆ ನುಗ್ಗಿಬಿಡುತ್ತಾರೋ ಎಂಬ ಅಳುಕಿನಿಂದ ಅಮೆರಿಕ ಅವರಿಗೆ ಟ್ಯಾಂಕುಗಳನ್ನು ಕೊಟ್ಟಿರಲಿಲ್ಲ. ಕಿಮ್ ಅವರಿಗಾದರೋ ಸೋವಿಯತ್ ಟಿ-34 ಟ್ಯಾಂಕುಗಳಿದ್ದವು, ಚೀನಾದ ಅಂತರ್ಯುದ್ಧದಲ್ಲಿ ಪಳಗಿ ಮರಳಿದ ಸಹಸ್ರಾರು ಕೊರಿಯನ್ ಯೋಧರಿದ್ದರು. 1950ರ ವಸಂತದಲ್ಲಿ ಅವರಿಗೆ ಮಾಸ್ಕೋದಲ್ಲಿ ಸ್ಟಾಲಿನ್ ಅವರ ಒಪ್ಪಿಗೆ, ಬಳಿಕ ಬೀಜಿಂಗ್‌ನಲ್ಲಿ ಮಾವೋ ಅವರ ಸಮ್ಮತಿಯೂ ದೊರೆಯಿತು.

ಮೂರು ತಿಂಗಳಲ್ಲಿ ದಕ್ಷಿಣದ ತುದಿಗೆ

ಜೂನ್ 25, ಭಾನುವಾರ. ಬೆಳಕು ಹರಿಯುವ ಮುನ್ನವೇ ಉತ್ತರದ ಸೈನ್ಯ ಗೆರೆ ದಾಟಿತು. ಮೂರನೆಯ ದಿನ, ಜೂನ್ 28ರಂದು ಸೋಲ್ ಬಿದ್ದಿತು. ಶತ್ರುವನ್ನು ತಡೆಯಲೆಂದು ದಕ್ಷಿಣದ ಸೈನ್ಯವೇ ಹಾನ್ ನದಿಯ ಸೇತುವೆಯನ್ನು ಮುನ್ಸೂಚನೆಯಿಲ್ಲದೆ ಸ್ಫೋಟಿಸಿದಾಗ ಅದರ ಮೇಲೆ ಓಡುತ್ತಿದ್ದ ನೂರಾರು ನಿರಾಶ್ರಿತರು ಪ್ರಾಣ ಕಳೆದುಕೊಂಡರು. ಸೈನ್ಯದ ಬಹುಪಾಲು ನದಿಯ ಆಚೆ ದಡದಲ್ಲೇ ಸಿಕ್ಕಿಬಿದ್ದಿತು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂದೇ ಸಭೆ ಸೇರಿ ಆಕ್ರಮಣವನ್ನು ಶಾಂತಿಭಂಗವೆಂದು ಘೋಷಿಸಿತು. ಜೂನ್ 27ರಂದು ದಕ್ಷಿಣಕ್ಕೆ ನೆರವಾಗುವಂತೆ ಸದಸ್ಯ ರಾಷ್ಟ್ರಗಳಿಗೆ ಕರೆಯಿತ್ತಿತು. ನಿಷೇಧಾಧಿಕಾರ ಹೊಂದಿದ್ದ ಸೋವಿಯತ್ ಒಕ್ಕೂಟ ಈ ನಿರ್ಣಯಗಳನ್ನು ಏಕೆ ತಡೆಯಲಿಲ್ಲ? ಕಮ್ಯುನಿಸ್ಟ್ ಚೀನಾಕ್ಕೆ ಸ್ಥಾನ ಕೊಡಲಿಲ್ಲವೆಂಬ ಪ್ರತಿಭಟನೆಯಲ್ಲಿ ಅದರ ಪ್ರತಿನಿಧಿ ಜನವರಿಯಿಂದಲೇ ಮಂಡಳಿಯನ್ನು ಬಹಿಷ್ಕರಿಸಿದ್ದರು. ಖಾಲಿ ಕುರ್ಚಿಯೊಂದು ಯುದ್ಧದ ಸ್ವರೂಪವನ್ನೇ ಬದಲಿಸಿತು. ಅಮೆರಿಕದ ಮಧ್ಯಪ್ರವೇಶಕ್ಕೆ ವಿಶ್ವಸಂಸ್ಥೆಯ ನೀಲಿ ಧ್ವಜ ದೊರೆಯಿತು. ಜನರಲ್ ಡಗ್ಲಾಸ್ ಮೆಕಾರ್ಥರ್ ಸಂಯುಕ್ತ ದಂಡಿನ ನಾಯಕರಾದರು. ಕಾಲಕ್ರಮದಲ್ಲಿ 16 ರಾಷ್ಟ್ರಗಳು ಕಾದಾಡುವ ಪಡೆಗಳನ್ನು ಕಳುಹಿಸಿದವು.

ಆಗ ಮಂಡಳಿಯ ಸದಸ್ಯನಾಗಿದ್ದ ಭಾರತ ಮೊದಲ ನಿರ್ಣಯವನ್ನು ಬೆಂಬಲಿಸಿತು, ಎರಡನೆಯದನ್ನು ಕೆಲವು ದಿನಗಳ ನಂತರ ಅಂಗೀಕರಿಸಿತು. ಆದರೆ ಹೋರಾಡಲು ಸೈನಿಕರನ್ನು ಕಳುಹಿಸಲು ಒಪ್ಪಲಿಲ್ಲ. ಕಳುಹಿಸಿದ್ದು ಒಂದು ವೈದ್ಯಕೀಯ ತುಕಡಿಯನ್ನು ಮಾತ್ರ.

ಜಪಾನಿನಲ್ಲಿ ಕಾವಲು ಕೆಲಸದ ನಿರಾಳಕ್ಕೆ ಒಗ್ಗಿಹೋಗಿದ್ದ ಅಮೆರಿಕನ್ ಸೈನಿಕರು ಮೊದಲ ಮುಖಾಮುಖಿಯಲ್ಲೇ ತತ್ತರಿಸಿದರು. ಜುಲೈ 5ರಂದು ಓಸಾನ್ ಬಳಿ ಸುಮಾರು 540 ಮಂದಿಯ ಮುಂಚೂಣಿ ಪಡೆಯನ್ನು ಉತ್ತರದ ಟ್ಯಾಂಕುಗಳು ಸೀಳಿಕೊಂಡು ಮುಂದೆ ಸಾಗಿದವು. ಡೇಜಾನ್ ನಗರ ಬಿದ್ದ ಮೇಲೆ ದಾರಿ ತಪ್ಪಿ ಅಲೆದ ಮೇಜರ್ ಜನರಲ್ ವಿಲಿಯಂ ಡೀನ್ ಕೊನೆಗೆ ಸೆರೆಸಿಕ್ಕರು. ಹಿಮ್ಮೆಟ್ಟುವ ಗಾಬರಿಯಲ್ಲಿ ಘೋರ ಕೃತ್ಯಗಳೂ ನಡೆದವು. ಜುಲೈ ಅಂತ್ಯದಲ್ಲಿ ನೊಗುನ್‌ರಿ ಎಂಬಲ್ಲಿ ರೈಲು ಸೇತುವೆಯ ಕೆಳಗೆ ಆಶ್ರಯ ಪಡೆದಿದ್ದ ನಿರಾಶ್ರಿತರ ಮೇಲೆ ಅಮೆರಿಕನ್ ಸೈನಿಕರು ಗುಂಡು ಹಾರಿಸಿದ ಸಂಗತಿ 1999ರಲ್ಲಿ ಪತ್ರಕರ್ತರು ಅಗೆದು ತೆಗೆಯುವವರೆಗೆ ಜಗತ್ತಿಗೆ ತಿಳಿಯಲಿಲ್ಲ. ಆಗಸ್ಟ್ ವೇಳೆಗೆ ದಕ್ಷಿಣದ ಸರ್ಕಾರ ಮತ್ತು ವಿಶ್ವಸಂಸ್ಥೆಯ ಪಡೆಗಳ ಬಳಿ ಉಳಿದದ್ದು ಆಗ್ನೇಯ ಮೂಲೆಯ ಪುಸಾನ್ ಬಂದರು ಮತ್ತು ಅದರ ಸುತ್ತಲಿನ ತುಂಡು ನೆಲ.

ಇಂಚಾನ್, ಮತ್ತು ಕೇಳಿಸಿಕೊಳ್ಳದ ಎಚ್ಚರಿಕೆ

ಸೆಪ್ಟೆಂಬರ್ 15ರಂದು ಮೆಕಾರ್ಥರ್ ತಮ್ಮ ಬದುಕಿನ ಅತಿ ದೊಡ್ಡ ಜೂಜಾಡಿದರು. ಸೋಲ್‌ಗೆ ಸಮೀಪದ ಇಂಚಾನ್ ಬಂದರಿನಲ್ಲಿ ಸಮುದ್ರದ ಉಬ್ಬರ ಇಳಿತಗಳ ಅಂತರ ಸುಮಾರು ಒಂಬತ್ತು ಮೀಟರ್. ನೀರು ಇಳಿದರೆ ಹಡಗುಗಳು ಕೆಸರಿನಲ್ಲಿ ಹೂತುಕೊಳ್ಳುತ್ತವೆ. ಅಲ್ಲಿ ಸೈನ್ಯ ಇಳಿಸುವುದು ಹುಚ್ಚು ಸಾಹಸವೆಂದು ನೌಕಾಪಡೆಯ ತಜ್ಞರು ಹೇಳಿದ್ದರು. ಶತ್ರುವೂ ಹಾಗೆಯೇ ಭಾವಿಸುತ್ತಾನೆ ಎಂಬುದೇ ಮೆಕಾರ್ಥರ್ ತರ್ಕ. ಅದು ಫಲಿಸಿತು. ಹಿಂದಿನಿಂದ ದಾರಿ ಕಡಿದುಹೋದ ಉತ್ತರದ ಸೈನ್ಯ ಚೆಲ್ಲಾಪಿಲ್ಲಿಯಾಯಿತು. ತಿಂಗಳ ಕೊನೆಗೆ ಸೋಲ್ ಮತ್ತೆ ರೀ ಅವರ ಕೈಗೆ ಬಂತು.

ಯುದ್ಧ ಇಲ್ಲಿಗೆ ಮುಗಿಯಬಹುದಿತ್ತು. ಆಕ್ರಮಣವನ್ನು ಹಿಮ್ಮೆಟ್ಟಿಸುವ ಗುರಿ ಈಡೇರಿತ್ತು. ಆದರೆ ಗೆಲುವಿನ ಅಮಲಿನಲ್ಲಿ ಗುರಿಯೇ ಬದಲಾಯಿತು. ಕೊರಿಯಾವನ್ನು ಬಲಪ್ರಯೋಗದಿಂದಲೇ ಒಂದುಗೂಡಿಸುವ ಆಸೆ ಈಗ ವಾಷಿಂಗ್ಟನ್‌ಗೆ ಹುಟ್ಟಿತು.

ಅಕ್ಟೋಬರ್ 3ರ ನಸುಕಿನಲ್ಲಿ ಬೀಜಿಂಗ್‌ನಲ್ಲಿದ್ದ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಅವರನ್ನು ಪ್ರಧಾನಿ ಚೌ ಎನ್ ಲಾಯ್ ನಿದ್ದೆಯಿಂದ ಎಬ್ಬಿಸಿ ಕರೆಸಿಕೊಂಡರು. ಅಮೆರಿಕನ್ ಪಡೆಗಳು 38ನೇ ಅಕ್ಷಾಂಶ ದಾಟಿದರೆ ಚೀನಾ ಕೈಕಟ್ಟಿ ಕೂರುವುದಿಲ್ಲ ಎಂದು ಸ್ಪಷ್ಟ ಮಾತಿನಲ್ಲಿ ತಿಳಿಸಿದರು. ಚೀನಾದೊಡನೆ ರಾಜತಾಂತ್ರಿಕ ಸಂಬಂಧವೇ ಇರದಿದ್ದ ಅಮೆರಿಕಕ್ಕೆ ಆ ಸಂದೇಶ ದೆಹಲಿಯ ಮೂಲಕ ತಲುಪಿತು. ಪಣಿಕ್ಕರ್ ಚೀನಾದ ಪರ ವಾಲಿದವರು, ನಂಬಲರ್ಹರಲ್ಲ ಎಂದು ಅಲ್ಲಿನ ಅಧಿಕಾರಿಗಳು ಅದನ್ನು ತಳ್ಳಿಹಾಕಿದರು. ಮುಂದಿನ ಮೂರು ವರ್ಷಗಳ ರಕ್ತಪಾತದಲ್ಲಿ ಬಹುಪಾಲನ್ನು ತಪ್ಪಿಸಬಹುದಾಗಿದ್ದ ಮಾತು ಅದು. ಹೇಳಿದವನನ್ನು ನಂಬದಿದ್ದರೂ ಹೇಳಿದ್ದನ್ನು ಪರಿಶೀಲಿಸುವ ವ್ಯವಧಾನ ವಾಷಿಂಗ್ಟನ್‌ಗೆ ಇರಲಿಲ್ಲ. ಅಕ್ಟೋಬರ್ 15ರಂದು ವೇಕ್ ದ್ವೀಪದಲ್ಲಿ ಅಧ್ಯಕ್ಷ ಟ್ರೂಮನ್ ಅವರನ್ನು ಭೇಟಿಯಾದ ಮೆಕಾರ್ಥರ್, ಚೀನಾ ಬರುವ ಸಂಭವ ಬಹಳ ಕಡಿಮೆ ಎಂದು ಭರವಸೆ ನೀಡಿದರು. ಅಕ್ಟೋಬರ್ 19ರಂದು ಉತ್ತರದ ರಾಜಧಾನಿ ಪ್ಯಾಂಗ್‌ಯಾಂಗ್ ಬಿದ್ದಿತು. ಅದೇ ರಾತ್ರಿ ಪೆಂಗ್ ದೆಹುಯಿ ನೇತೃತ್ವದಲ್ಲಿ ಚೀನೀ ಸೈನ್ಯ ಯಾಲು ನದಿಯನ್ನು ದಾಟಲಾರಂಭಿಸಿತು.

ಹಿಮದಲ್ಲಿ ಹಿನ್ನಡೆ

ಚೀನಾ ತನ್ನ ಸೈನ್ಯವನ್ನು ಜನತಾ ಸ್ವಯಂಸೇವಕರೆಂದು ಕರೆಯಿತು. ಅಮೆರಿಕದೊಡನೆ ಅಧಿಕೃತವಾಗಿ ಯುದ್ಧಕ್ಕಿಳಿದಂತಾಗಬಾರದೆಂಬುದು ಇದರ ಉದ್ದೇಶ. ಅವರು ರಾತ್ರಿ ನಡೆದು ಹಗಲು ಕಾಡುಮೇಡುಗಳಲ್ಲಿ ಅಡಗಿರುತ್ತಿದ್ದರು. ಲಕ್ಷಗಟ್ಟಲೆ ಸೈನಿಕರು ಗಡಿ ದಾಟಿದ್ದು ವಿಮಾನಗಳ ಕಣ್ಣಿಗೆ ಬೀಳಲೇ ಇಲ್ಲ. ನವೆಂಬರ್ 24ರಂದು ಮೆಕಾರ್ಥರ್, ಕ್ರಿಸ್‌ಮಸ್ ವೇಳೆಗೆ ಸೈನಿಕರು ಮನೆ ಸೇರುವರೆಂಬ ಮಾತಿನೊಂದಿಗೆ ಅಂತಿಮ ಮುನ್ನಡೆಗೆ ಆದೇಶಿಸಿದರು. ಮರುದಿನವೇ ಚೀನಾ ಮೇಲೆರಗಿತು. ಚೋಸಿನ್ ಜಲಾಶಯದ ಬಳಿ ಮೈನಸ್ 30 ಡಿಗ್ರಿ ಚಳಿಯಲ್ಲಿ ಸುತ್ತುವರಿಯಲ್ಪಟ್ಟ ಅಮೆರಿಕನ್ ಮೆರೀನ್ ಪಡೆ ಎರಡು ವಾರ ಕಾದುತ್ತ ಕರಾವಳಿಗೆ ಬಂದು ಸೇರಿತು. ಹತ್ತಿ ಬಟ್ಟೆಯ ಕೋಟು, ಕ್ಯಾನ್ವಾಸ್ ಬೂಟು ತೊಟ್ಟಿದ್ದ ಚೀನೀ ಸೈನಿಕರಲ್ಲಿ ಗುಂಡಿಗಿಂತ ಹಿಮಕ್ಕೆ ಬಲಿಯಾದವರೇ ಅಸಂಖ್ಯ. ಮಾವೋ ಅವರ ಹಿರಿಯ ಮಗ ಮಾವೋ ಆನ್‌ಯಿಂಗ್ ನವೆಂಬರ್ 25ರ ವಾಯುದಾಳಿಯಲ್ಲಿ ಮಡಿದರು.

ಡಿಸೆಂಬರ್‌ನಲ್ಲಿ ಹುಂಗ್‌ನಾಮ್ ಬಂದರಿನಿಂದ ಸುಮಾರು ಒಂದು ಲಕ್ಷ ಸೈನಿಕರನ್ನೂ ಅಷ್ಟೇ ಸಂಖ್ಯೆಯ ನಾಗರಿಕರನ್ನೂ ಹಡಗುಗಳಲ್ಲಿ ಸಾಗಿಸಲಾಯಿತು. ಮೆರಿಡಿತ್ ವಿಕ್ಟರಿ ಎಂಬ ಸರಕು ಹಡಗೊಂದೇ 14,000 ನಿರಾಶ್ರಿತರನ್ನು ಹೊತ್ತು ತಂದಿತು. 2017ರಿಂದ 2022ರವರೆಗೆ ದಕ್ಷಿಣ ಕೊರಿಯಾದ ಅಧ್ಯಕ್ಷರಾಗಿದ್ದ ಮೂನ್ ಜೇ ಇನ್ ಅವರ ತಂದೆತಾಯಿ ಆ ಹಡಗಿನಲ್ಲಿದ್ದರು.

ಭಾರತದ ವೈದ್ಯಕೀಯ ತುಕಡಿಯಾದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ರಂಗ ಸೇರಿದ್ದೂ ಈ ಹಿನ್ನಡೆಯ ದಿನಗಳಲ್ಲಿಯೇ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅದರ ನಾಯಕರು. ಪ್ಯಾಂಗ್‌ಯಾಂಗ್ ತೆರವಾಗುವಾಗ ಸಾಗಾಟಕ್ಕೆ ವಾಹನಗಳಿರಲಿಲ್ಲ. ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನು ಬಿಟ್ಟುಹೋಗಲು ಒಪ್ಪದ ಈ ತುಕಡಿಯವರು ಹಳೆಯ ಉಗಿಬಂಡಿಯೊಂದನ್ನು ಹುಡುಕಿ, ತಾವೇ ನೀರು ತುಂಬಿಸಿ, ತಾವೇ ಓಡಿಸಿಕೊಂಡು ದಕ್ಷಿಣಕ್ಕೆ ಬಂದರು. 1951ರ ಮಾರ್ಚ್ 23ರಂದು ಮುನ್ಸಾನ್ ಬಳಿ ಅಮೆರಿಕನ್ ಛತ್ರಿ ಸೈನಿಕರ ಜೊತೆ ಈ ತುಕಡಿಯ ಹನ್ನೆರಡು ಮಂದಿಯೂ ವಿಮಾನದಿಂದ ಧುಮುಕಿ, ರಣರಂಗದಲ್ಲಿಯೇ ಶಸ್ತ್ರಚಿಕಿತ್ಸೆ ನಡೆಸಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು.

1951ರ ಜನವರಿ 4ರಂದು ಸೋಲ್ ಮತ್ತೆ ಕಮ್ಯುನಿಸ್ಟರ ಪಾಲಾಯಿತು. ಆದರೆ ಚೀನಾದ ಸರಬರಾಜು ಮಾರ್ಗ ಉದ್ದವಾದಷ್ಟೂ ಅದರ ಶಕ್ತಿ ಕುಂದಿತು. ಹೊಸ ದಂಡನಾಯಕ ಮ್ಯಾಥ್ಯೂ ರಿಜ್ವೆ ಕುಗ್ಗಿದ್ದ ಸೈನ್ಯಕ್ಕೆ ಮತ್ತೆ ಜೀವ ತುಂಬಿದರು. ಮಾರ್ಚ್ 14ರಂದು ಸೋಲ್ ನಾಲ್ಕನೆಯ ಹಾಗೂ ಕೊನೆಯ ಬಾರಿ ಕೈ ಬದಲಾಯಿಸಿತು. ಚೀನಾದ ನೆಲಕ್ಕೇ ಯುದ್ಧವನ್ನು ವಿಸ್ತರಿಸಬೇಕೆಂದು ಪಟ್ಟುಹಿಡಿದು ಬಹಿರಂಗ ಹೇಳಿಕೆಗಳನ್ನು ಕೊಡತೊಡಗಿದ್ದ ಮೆಕಾರ್ಥರ್ ಅವರನ್ನು ಟ್ರೂಮನ್ ಏಪ್ರಿಲ್ 11ರಂದು ವಜಾ ಮಾಡಿದರು. ಚೀನಾದ ವಸಂತ ಕಾಲದ ದಾಳಿಗಳು ಅಪಾರ ಸಾವುನೋವಿನೊಂದಿಗೆ ವಿಫಲವಾದವು. ಜೂನ್ ವೇಳೆಗೆ, ಯುದ್ಧ ಎಲ್ಲಿ ಆರಂಭವಾಗಿತ್ತೋ ಹೆಚ್ಚೂಕಡಿಮೆ ಅಲ್ಲಿಯೇ ಉಭಯ ಸೈನ್ಯಗಳು ಎದುರುಬದುರು ನಿಂತಿದ್ದವು.

ಮಾತುಕತೆಯ ಮೇಜು, ಕೈದಿಗಳ ಬೇಲಿ

1951ರ ಜುಲೈ 10ರಂದು ಕೇಸೋಂಗ್‌ನಲ್ಲಿ ಕದನವಿರಾಮದ ಮಾತುಕತೆ ತೊಡಗಿತು. ಅಕ್ಟೋಬರ್‌ನಲ್ಲಿ ಅದು ಪನ್‌ಮುಂಜೋಮ್ ಗ್ರಾಮಕ್ಕೆ ಸ್ಥಳಾಂತರವಾಯಿತು. ಇದ್ದ ರಣರೇಖೆಯನ್ನೇ ಗಡಿಯಾಗಿಸಬೇಕೆಂಬ ಒಪ್ಪಂದ ನವೆಂಬರ್‌ನಲ್ಲಾಯಿತು. 1952ರ ಮೇ ಹೊತ್ತಿಗೆ ಉಳಿದ ವಿಷಯಗಳೂ ಬಗೆಹರಿದಿದ್ದವು. ಯುದ್ಧಕೈದಿಗಳ ವಿನಿಮಯ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

1949ರ ಜಿನೀವಾ ಒಡಂಬಡಿಕೆಯ 118ನೇ ವಿಧಿ ಹೇಳುವುದು ಇಷ್ಟು: ಕಾದಾಟ ನಿಂತ ಕೂಡಲೇ ಕೈದಿಗಳನ್ನು ಬಿಡುಗಡೆ ಮಾಡಿ ತಾಯ್ನಾಡಿಗೆ ಕಳುಹಿಸಬೇಕು. ಕೈದಿಯ ಇಷ್ಟಾನಿಷ್ಟದ ಮಾತು ಅಲ್ಲಿಲ್ಲ. ಚೀನಾ ಮತ್ತು ಉತ್ತರ ಕೊರಿಯಾ ಈ ವಿಧಿಯನ್ನು ಎತ್ತಿ ಹಿಡಿದವು. ಆದರೆ ವಿಶ್ವಸಂಸ್ಥೆಯ ವಶದಲ್ಲಿದ್ದ ಸುಮಾರು 1,32,000 ಕೈದಿಗಳು ಒಂದೇ ಬಗೆಯವರಾಗಿರಲಿಲ್ಲ. ಉತ್ತರದ ಸೈನ್ಯ ಬಲವಂತವಾಗಿ ಸೇರಿಸಿಕೊಂಡಿದ್ದ ದಕ್ಷಿಣದ ಯುವಕರು ಅವರಲ್ಲಿದ್ದರು. ಚೀನೀ ಕೈದಿಗಳಲ್ಲಿ ಅನೇಕರು ಮೂಲತಃ ಚಿಯಾಂಗ್ ಕೈ ಷೇಕ್ ಸೈನ್ಯದವರು. ಅಂತರ್ಯುದ್ಧದಲ್ಲಿ ಸೋತು ಗೆದ್ದವರ ಸಮವಸ್ತ್ರ ತೊಟ್ಟವರು. ಇವರನ್ನು ಬಲವಂತವಾಗಿ ಅಟ್ಟುವುದು ಅನೀತಿ ಎಂದರು ಟ್ರೂಮನ್. ಎರಡನೇ ಮಹಾಯುದ್ಧದ ಕೊನೆಯಲ್ಲಿ ಸ್ಟಾಲಿನ್‌ಗೆ ಒಪ್ಪಿಸಲ್ಪಟ್ಟ ಸೋವಿಯತ್ ಕೈದಿಗಳ ಪಾಡು ಎಲ್ಲರ ನೆನಪಿನಲ್ಲಿತ್ತು. ಕಮ್ಯುನಿಸ್ಟ್ ನಾಡಿಗೆ ಮರಳಲು ಕಮ್ಯುನಿಸ್ಟ್ ಸೈನಿಕರೇ ಒಲ್ಲೆನ್ನುವುದು ಎಂಥ ದೊಡ್ಡ ಪ್ರಚಾರದ ಗೆಲುವೆಂಬುದೂ ವಾಷಿಂಗ್ಟನ್‌ಗೆ ಗೊತ್ತಿತ್ತು.

1952ರ ಏಪ್ರಿಲ್‌ನಲ್ಲಿ ಕೈದಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದಾಗ ಮರಳಲು ಸಿದ್ಧರೆಂದವರು ಸುಮಾರು 70,000 ಮಂದಿ ಮಾತ್ರ. ಚೀನಾಕ್ಕೆ ಇದು ಮುಖಭಂಗ. ಆದರೆ ಆ ಉತ್ತರಗಳು ಎಷ್ಟರಮಟ್ಟಿಗೆ ಸ್ವತಂತ್ರವಾಗಿದ್ದವು? ಕೊಜೆ ದ್ವೀಪದ ಶಿಬಿರಗಳೊಳಗೆ ಅಮೆರಿಕನ್ ಕಾವಲುಗಾರರ ಆಳ್ವಿಕೆ ಬೇಲಿಯವರೆಗೆ ಮಾತ್ರ ನಡೆಯುತ್ತಿತ್ತು. ಒಳಗೆ ಕೆಲವು ಅಂಗಳಗಳು ಕಮ್ಯುನಿಸ್ಟ್ ಗುಂಪುಗಳ ವಶದಲ್ಲಿ, ಕೆಲವು ಅವರ ವೈರಿಗಳ ವಶದಲ್ಲಿ. ಎದುರು ಪಕ್ಷದವನೆಂದು ಅನುಮಾನ ಬಂದವರನ್ನು ಎರಡೂ ಕಡೆ ಹೊಡೆದು ಕೊಂದದ್ದುಂಟು. ಮರಳಿ ಹೋಗದಂತೆ ಕೈದಿಗಳ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳನ್ನು ಬಲವಂತವಾಗಿ ಹಚ್ಚೆ ಹೊಯ್ಯಲಾಗುತ್ತಿತ್ತು. ಅಂಥ ಹಚ್ಚೆ ಹೊತ್ತವನು ಊರಿಗೆ ಹೋಗಿ ಏನು ಹೇಳಿಯಾನು? ಮೇ 7ರಂದು ಕಮ್ಯುನಿಸ್ಟ್ ಕೈದಿಗಳು ಶಿಬಿರದ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ಫ್ರಾನ್ಸಿಸ್ ಡಾಡ್ ಅವರನ್ನೇ ಒಳಕ್ಕೆ ಎಳೆದುಕೊಂಡು ಮೂರು ದಿನ ಒತ್ತೆಯಾಳಾಗಿ ಇರಿಸಿಕೊಂಡರು. ಸೆರೆಮನೆಯ ಅಧಿಕಾರಿ ಕೈದಿಗಳಿಗೇ ಸೆರೆಯಾದ ವಿಚಿತ್ರ ಸಂಗತಿ ಅದು.

ಅತ್ತ ಗುಡ್ಡಗಳ ನೆತ್ತಿಗಾಗಿ ಹೋರಾಟ ನಡೆದೇ ಇತ್ತು. ಅಮೆರಿಕನ್ ವಿಮಾನಗಳು 1952ರ ಜೂನ್‌ನಲ್ಲಿ ಉತ್ತರದ ಜಲವಿದ್ಯುತ್ ಕೇಂದ್ರಗಳನ್ನೂ, 1953ರ ಮೇ ತಿಂಗಳಲ್ಲಿ ಭತ್ತದ ಗದ್ದೆಗಳಿಗೆ ನೀರುಣಿಸುವ ಅಣೆಕಟ್ಟೆಗಳನ್ನೂ ಹೊಡೆದುರುಳಿಸಿದವು. ಯುದ್ಧದುದ್ದಕ್ಕೂ ಕೊರಿಯಾದ ಮೇಲೆ ಬಿದ್ದ ಅಮೆರಿಕನ್ ಬಾಂಬುಗಳ ತೂಕ 6,35,000 ಟನ್. ಇದರ ಮೇಲೆ 32,000 ಟನ್‌ಗೂ ಹೆಚ್ಚು ನೇಪಾಮ್. ಕೈದಿಗಳ ಹಕ್ಕಿಗಾಗಿ ನಡೆದದ್ದೆನ್ನಲಾದ ಈ ಕೊನೆಯ ಹಂತದಲ್ಲಿ ಸತ್ತವರಿಗೆ ಯಾವ ಆಯ್ಕೆಯನ್ನೂ ಯಾರೂ ಕೊಡಲಿಲ್ಲ.

ಈ ಬಿಕ್ಕಟ್ಟಿಗೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಭಾರತದ ವಿ. ಕೆ. ಕೃಷ್ಣ ಮೆನನ್ ಸೂತ್ರವೊಂದನ್ನು ಮಂಡಿಸಿದರು. ಮರಳಲೊಲ್ಲದ ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸಬೇಕು. ಅಲ್ಲಿ ಯಾರ ಬೆದರಿಕೆಯೂ ಇಲ್ಲದೆ ಅವರು ನಿರ್ಧರಿಸಬೇಕು. 1952ರ ಡಿಸೆಂಬರ್ 3ರಂದು 54-5 ಮತಗಳಿಂದ ನಿರ್ಣಯ ಅಂಗೀಕಾರವಾಯಿತು. ಸೋವಿಯತ್ ಪ್ರತಿನಿಧಿ ವಿಷಿನ್‌ಸ್ಕಿ ಅದನ್ನು ಹೀಗಳೆದರು, ಚೀನಾ ತಿರಸ್ಕರಿಸಿತು. ಆದರೆ 1953ರ ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡರು. ಯುದ್ಧ ಎಳೆಯಲು ಮಾಸ್ಕೋದ ಹೊಸ ನಾಯಕರಿಗೆ ಮನಸ್ಸಿರಲಿಲ್ಲ. ಅಮೆರಿಕದ ಹೊಸ ಅಧ್ಯಕ್ಷ ಐಸೆನ್‌ಹೋವರ್ ಗೆದ್ದುಬಂದದ್ದೇ ಯುದ್ಧ ಮುಗಿಸುವ ಮಾತಿನ ಮೇಲೆ. ಮೆನನ್ ಸೂತ್ರವನ್ನು ಬಹುಮಟ್ಟಿಗೆ ಹೋಲುವ ಒಪ್ಪಂದಕ್ಕೆ ಜೂನ್ 8ರಂದು ಸಹಿ ಬಿತ್ತು.

ರೀ ಇದನ್ನು ಸಹಿಸಲಿಲ್ಲ. ಅರ್ಧ ಕೊರಿಯಾಕ್ಕೆ ತೃಪ್ತಿಪಡಲು ಒಲ್ಲದ ಆ ಹಠಮಾರಿ ಮುದುಕ ಜೂನ್ 18ರಂದು ತಮ್ಮ ಕಾವಲುಗಾರರಿಗೆ ಹೇಳಿ ಶಿಬಿರಗಳ ಬಾಗಿಲು ತೆರೆಸಿದರು. ಸುಮಾರು 27,000 ಉತ್ತರ ಕೊರಿಯನ್ ಕೈದಿಗಳು ಹೊರಬಿದ್ದು ಜನರೊಳಗೆ ಮಾಯವಾದರು. ಒಪ್ಪಂದ ಮುರಿಯಲೆಂದೇ ಮಾಡಿದ ಈ ಕೃತ್ಯದ ನಂತರವೂ ಅದು ಉಳಿದದ್ದು ಎರಡೂ ಕಡೆ ಎಷ್ಟು ದಣಿವಾಗಿತ್ತೆಂಬುದಕ್ಕೆ ಸಾಕ್ಷಿ. ಜುಲೈ 27ರ ಬೆಳಿಗ್ಗೆ 10 ಗಂಟೆಗೆ ಪನ್‌ಮುಂಜೋಮ್‌ನಲ್ಲಿ ಅಮೆರಿಕದ ವಿಲಿಯಂ ಹ್ಯಾರಿಸನ್ ಮತ್ತು ಉತ್ತರ ಕೊರಿಯಾದ ನಾಮ್ ಇಲ್ ಒಂದು ಮಾತನ್ನೂ ಆಡದೆ ಸಹಿ ಹಾಕಿ ಎದ್ದು ನಡೆದರು. ರಾತ್ರಿ 10ಕ್ಕೆ ಫಿರಂಗಿಗಳು ನಿಂತವು. ದಕ್ಷಿಣ ಕೊರಿಯಾ ಸಹಿ ಹಾಕಲಿಲ್ಲ.

ಹಿಂದ್ ನಗರದಲ್ಲಿ ತಿಮ್ಮಯ್ಯ

ಮರಳಲು ಬಯಸಿದವರ ವಿನಿಮಯ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಸುಮಾರು 75,800 ಮಂದಿ ಉತ್ತರಕ್ಕೂ 12,700ಕ್ಕೂ ಹೆಚ್ಚು ಮಂದಿ ದಕ್ಷಿಣಕ್ಕೂ ಬಂದರು. ಉಳಿದವರು ಮರಳಲೊಲ್ಲದವರು. ವಿಶ್ವಸಂಸ್ಥೆಯ ಕಡೆಯಿಂದ ಸುಮಾರು 22,600, ಅವರಲ್ಲಿ 14,700 ಮಂದಿ ಚೀನೀಯರು. ಕಮ್ಯುನಿಸ್ಟರ ಕಡೆಯಿಂದ 359. ಇವರನ್ನು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಒಪ್ಪಿಸಲಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಆಯೋಗದ ಸದಸ್ಯರು, ಭಾರತ ಅಧ್ಯಕ್ಷ. ಇಬ್ಬರು ಅತ್ತ, ಇಬ್ಬರು ಇತ್ತ ಒಲಿದಿದ್ದ ಆಯೋಗದಲ್ಲಿ ಪ್ರತಿ ತಕರಾರೂ ಕೊನೆಗೆ ಭಾರತದ ಮತದ ಮೇಲೆ ಬಂದು ನಿಲ್ಲುತ್ತಿತ್ತು.

ಅಧ್ಯಕ್ಷತೆಗೆ ನೆಹರೂ ಆರಿಸಿದ್ದು 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಲೆಫ್ಟಿನೆಂಟ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರನ್ನು. 1948ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಮಾರ್ಗಕ್ಕೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆರಗುಗೊಳಿಸಿದ ಕೀರ್ತಿ ಅವರದು. ಕೈದಿಗಳ ಕಾವಲಿಗೆ ಹೋದ ಸುಮಾರು 6,000 ಮಂದಿಯ ಭಾರತೀಯ ಪಡೆಗೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್ ನಾಯಕರು. ಭಾರತೀಯರು ತಮ್ಮ ನೆಲ ಮೆಟ್ಟಕೂಡದೆಂದು ರೀ ಗುಡುಗಿದ್ದರಿಂದ, ಇಂಚಾನ್‌ಗೆ ಬಂದ ಇಡೀ ಪಡೆಯನ್ನು ಅಮೆರಿಕನ್ ಹೆಲಿಕಾಪ್ಟರುಗಳಲ್ಲಿ ಸೈನ್ಯರಹಿತ ವಲಯಕ್ಕೆ ಒಯ್ಯಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಡೇರೆಗಳ ಊರಿಗೆ ಹಿಂದ್ ನಗರ ಎಂದು ಹೆಸರಿಟ್ಟರು.

ಕೈದಿಗಳು ಅವರನ್ನು ಬರಮಾಡಿಕೊಂಡದ್ದು ಕಲ್ಲು, ಬೈಗುಳಗಳಿಂದ. ಸೆಪ್ಟೆಂಬರ್ ಕೊನೆಯಲ್ಲಿ ಚೀನೀ ಕೈದಿಗಳು ಭಾರತೀಯ ಮೇಜರ್ ಒಬ್ಬರನ್ನು ಹಿಡಿದಿಟ್ಟುಕೊಂಡಾಗ ಥೋರಾಟ್ ಗುಂಡು ಹಾರಿಸದೆ ತಾವೇ ಬೇಲಿಯೊಳಗೆ ಹೋಗಿ ಮಾತಿನಿಂದಲೇ ಅವರನ್ನು ಬಿಡಿಸಿ ತಂದರು. ಎಲ್ಲ ದಿನಗಳೂ ಹಾಗಿರಲಿಲ್ಲ. ಅಕ್ಟೋಬರ್ ಮೊದಲ ವಾರ ಬೇಲಿ ಮುರಿಯಲು ನುಗ್ಗಿದವರ ಮೇಲೆ ಭಾರತೀಯ ಕಾವಲುಗಾರರು ಗುಂಡು ಹಾರಿಸಿ ಕೆಲವು ಕೈದಿಗಳು ಸತ್ತರು. ರೀ ಸರ್ಕಾರ ಭಾರತೀಯರ ಮೇಲೆ ಸೈನ್ಯ ಕಳುಹಿಸುವ ಬೆದರಿಕೆ ಹಾಕಿತು.

ಒಪ್ಪಂದದ ಪ್ರಕಾರ 90 ದಿನಗಳ ಕಾಲ ಆಯಾ ದೇಶದ ಪ್ರತಿನಿಧಿಗಳು ಕೈದಿಗಳಿಗೆ ವಿವರಣೆ ಕೊಟ್ಟು ಮರಳುವಂತೆ ಮನವೊಲಿಸಬಹುದಿತ್ತು. ಡೇರೆಯೊಂದರಲ್ಲಿ ಚೀನೀ ಅಧಿಕಾರಿ, ಎದುರಿಗೆ ಕೈದಿ, ಸುತ್ತ ತಟಸ್ಥ ಸದಸ್ಯರು; ಹೊರಡಲು ಎರಡು ಬಾಗಿಲು, ಒಂದು ತಾಯ್ನಾಡಿಗೆ, ಇನ್ನೊಂದು ಮರಳಿ ಶಿಬಿರಕ್ಕೆ. ಅಕ್ಟೋಬರ್ 15ರಂದು ಶುರುವಾದ ಈ ಕಾರ್ಯ ನಿಜವಾಗಿ ನಡೆದದ್ದು ಬೆರಳೆಣಿಕೆಯ ದಿನ. ಶಿಬಿರದ ನಾಯಕರು ಕೈದಿಗಳನ್ನು ಹೊರಕ್ಕೆ ಬಿಡುತ್ತಿರಲಿಲ್ಲ. ಬಂದವರನ್ನು ಚೀನೀಯರು ತಾಸುಗಟ್ಟಲೆ ಕೂರಿಸಿ ಪೀಡಿಸುತ್ತಿದ್ದರು. ಬಲವಂತವಾಗಿ ಎಳೆತರಬೇಕೆಂದು ಒಂದು ಬಣ, ಮುಟ್ಟಲೇಕೂಡದೆಂದು ಇನ್ನೊಂದು ಬಣ ಪಟ್ಟುಹಿಡಿದವು. ನೂರಾರು ಹೆಣ ಬೀಳಿಸದೆ ಕೈದಿಗಳನ್ನು ಹೊರತರುವುದು ಅಸಾಧ್ಯವೆಂದು ಕಂಡ ತಿಮ್ಮಯ್ಯ ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಡಿಸೆಂಬರ್ 23ರಂದು ಅವಧಿ ಮುಗಿದಾಗ ವಿವರಣೆ ಕೇಳಿದ್ದವರು ಸುಮಾರು 3,000 ಮಂದಿ ಮಾತ್ರ.

ಉಳಿದವರ ಗತಿ ನಿರ್ಧರಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಕೈದಿಗಳನ್ನು ತಾವೇ ಬಿಟ್ಟರೆ ಒಂದು ಪಕ್ಷಕ್ಕೆ ದ್ರೋಹ, ಇಟ್ಟುಕೊಂಡರೆ ಅವಧಿ ಮೀರಿದ ಸೆರೆ. ತಿಮ್ಮಯ್ಯ ಮಧ್ಯದ ದಾರಿ ಹಿಡಿದು, 1954ರ ಜನವರಿ 20ರಿಂದ ಅವರನ್ನು ಮೊದಲು ಹಿಡಿದಿದ್ದ ಪಕ್ಷಗಳಿಗೇ ಮರಳಿ ಒಪ್ಪಿಸಿದರು. ಎರಡೂ ಕಡೆಯವರು ಅವರನ್ನು ದೂಷಿಸಿದರು. ಚೀನೀ ಕೈದಿಗಳಲ್ಲಿ 14,000ಕ್ಕೂ ಹೆಚ್ಚು ಮಂದಿ ತೈವಾನ್ ಸೇರಿದರು. ಭಾರತೀಯರ ಕಾವಲಿನಲ್ಲಿದ್ದಾಗ ಮನಸ್ಸು ಬದಲಿಸಿ ತಾಯ್ನಾಡಿಗೆ ಹೊರಟವರು ಆರುನೂರಕ್ಕೆ ತುಸು ಹೆಚ್ಚು. ಅತ್ತ 21 ಅಮೆರಿಕನ್ನರು ಮತ್ತು ಒಬ್ಬ ಬ್ರಿಟಿಷ್ ಸೈನಿಕ ಚೀನಾದಲ್ಲಿ ಉಳಿಯಲು ನಿರ್ಧರಿಸಿ ಪಾಶ್ಚಾತ್ಯ ಜಗತ್ತನ್ನು ದಂಗುಬಡಿಸಿದರು.

88 ಮಂದಿ ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದರು. 74 ಉತ್ತರ ಕೊರಿಯನ್ನರು, 12 ಚೀನೀಯರು, ಇಬ್ಬರು ದಕ್ಷಿಣ ಕೊರಿಯನ್ನರು. ಭಾರತೀಯ ಪಡೆಯ ಜೊತೆ ಹಡಗೇರಿದ ಇವರು 1954ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಇಳಿದರು. ಕೆಲವರು ಭಾರತದಲ್ಲಿಯೇ ನೆಲೆಸಿದರು. ಹೆಚ್ಚಿನವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ಚೊಯ್ ಇನ್ ಹುನ್ 1960ರಲ್ಲಿ ಬರೆದ, ಕೊರಿಯಾದಲ್ಲಿ ಇಂದಿಗೂ ಓದಲ್ಪಡುವ 'ಚೌಕ' ಎಂಬ ಅರ್ಥದ ಕಾದಂಬರಿಯ ನಾಯಕ ಇಂಥ ಹಡಗನ್ನೇ ಏರಿದ ಕೈದಿ.

ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ನಂತರ ವಿಶ್ವಸಂಸ್ಥೆ ಅವರನ್ನು ಮತ್ತೆ ಕರೆದದ್ದು ಗೆರೆ ಬಿದ್ದ ಇನ್ನೊಂದು ದೇಶಕ್ಕೆ, ಸೈಪ್ರಸ್‌ಗೆ. 1965ರ ಡಿಸೆಂಬರ್ 18ರಂದು ಅಲ್ಲಿಯೇ, ಕರ್ತವ್ಯದಲ್ಲಿದ್ದಾಗ ನಿಧನರಾದರು. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ಮುಗಿಯದ ಲೆಕ್ಕ

ಅಮೆರಿಕದ ಲೆಕ್ಕದಲ್ಲಿ ಅದರ ಸೈನಿಕರು ಸತ್ತದ್ದು 36,574. ದಕ್ಷಿಣ ಕೊರಿಯಾದ ಸೈನಿಕರು ಸುಮಾರು 1,37,000. ಚೀನಾ ಅಧಿಕೃತವಾಗಿ ಒಪ್ಪಿಕೊಂಡ ಸಂಖ್ಯೆ 1,97,653. ನಾಗರಿಕರ ಲೆಕ್ಕ ಯಾರ ಬಳಿಯೂ ಸರಿಯಾಗಿಲ್ಲ. ಇಪ್ಪತ್ತು ಲಕ್ಷದ ಆಸುಪಾಸು ಎಂಬುದು ಸಾಮಾನ್ಯ ಅಂದಾಜು. ಅಮೆರಿಕನ್ ಸಾವುನೋವಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಾತುಕತೆ ಶುರುವಾದ ಮೇಲಿನದು. ನೆಲದ ಮೇಲೆ ಬದಲಾದದ್ದು ಕೊಂಚವೇ. 38ನೇ ಅಕ್ಷಾಂಶದ ದಕ್ಷಿಣಕ್ಕಿದ್ದ ಕೇಸೋಂಗ್ ಉತ್ತರಕ್ಕೆ ಸೇರಿತು, ಪೂರ್ವದ ಬೆಟ್ಟಸೀಮೆಯಲ್ಲಿ ಕೆಲವು ಪ್ರದೇಶಗಳು ದಕ್ಷಿಣಕ್ಕೆ ಬಂದವು. ನಡುವೆ ನಾಲ್ಕು ಕಿಲೋಮೀಟರ್ ಅಗಲದ, ಸುಮಾರು 250 ಕಿಲೋಮೀಟರ್ ಉದ್ದದ ಸೈನ್ಯರಹಿತ ವಲಯ ಉಳಿಯಿತು.

ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. 1954ರ ಜಿನೀವಾ ಸಮ್ಮೇಳನ ಕೊರಿಯಾದ ವಿಷಯದಲ್ಲಿ ಬರಿಗೈಯಲ್ಲಿ ಮುಗಿಯಿತು. 2018ರ ಏಪ್ರಿಲ್ 27ರಂದು ಪನ್‌ಮುಂಜೋಮ್‌ನಲ್ಲಿ ಕಿಮ್ ಜೊಂಗ್ ಉನ್ ಮತ್ತು ಮೂನ್ ಜೇ ಇನ್ ಕೈಹಿಡಿದು ಗೆರೆ ದಾಟಿ ಬಂದದ್ದನ್ನು ಜಗತ್ತು ಕಂಡಿತು. ಆ ವರ್ಷದ ಆಗಸ್ಟ್‌ನಲ್ಲಿ ಅಗಲಿದ ಕುಟುಂಬಗಳ ಭೇಟಿಯೂ ನಡೆಯಿತು. 2024ರಲ್ಲಿ ಉತ್ತರ ಕೊರಿಯಾ ಪುನರೇಕೀಕರಣದ ಗುರಿಯನ್ನೇ ಕೈಬಿಟ್ಟು, ಅಕ್ಟೋಬರ್‌ನಲ್ಲಿ ದಕ್ಷಿಣಕ್ಕೆ ಹೋಗುವ ರಸ್ತೆಗಳ ತನ್ನ ಭಾಗವನ್ನು ಸಿಡಿಸಿಹಾಕಿತು.

ಕೈದಿಗಳ ಪ್ರಶ್ನೆಯೂ ಪನ್‌ಮುಂಜೋಮ್‌ನಲ್ಲಿ ಪೂರ್ತಿ ಮುಗಿದಿರಲಿಲ್ಲ. ಸೆರೆಹಿಡಿದ ದಕ್ಷಿಣದ ಸಹಸ್ರಾರು ಸೈನಿಕರನ್ನು ಉತ್ತರ ಕೊರಿಯಾ ಪಟ್ಟಿಯಲ್ಲಿ ತೋರಿಸದೆ ಗಣಿಗಳಲ್ಲಿ ದುಡಿಸಿಕೊಂಡಿತು. ಅವರನ್ನು ಯಾರೂ ಡೇರೆಯೊಳಗೆ ಕರೆದು ಎರಡು ಬಾಗಿಲು ತೋರಿಸಲಿಲ್ಲ. 1951ರಲ್ಲಿ ಸೆರೆಸಿಕ್ಕ ಲೆಫ್ಟಿನೆಂಟ್ ಚೊ ಚಾಂಗ್ ಹೊ 1994ರಲ್ಲಿ ಚೀನಾದ ಮೂಲಕ ತಪ್ಪಿಸಿಕೊಂಡು ಸೋಲ್‌ಗೆ ಬಂದರು. ಅಷ್ಟರಲ್ಲಿ ಅವರ ಹೆಸರು ಯುದ್ಧದಲ್ಲಿ ಮಡಿದವರ ಪಟ್ಟಿ ಸೇರಿ ನಾಲ್ಕು ದಶಕಗಳಾಗಿದ್ದವು.